ಡೇಟಾ ತಿಂದವರು ಯಾರು?

ಬೆಳಿಗ್ಗೆ ಏಳು ಗಂಟೆ. ಒಲೆಯ ಮೇಲಿನ ಹಾಲು ಉಕ್ಕುವ ಮೊದಲೇ ಫೋನು ಟಿಣ್ ಎನ್ನುತ್ತದೆ. ಇವತ್ತಿನ ಡೇಟಾದಲ್ಲಿ ಅರ್ಧ ಮುಗಿದಿದೆ ಎಂಬ ಸಂದೇಶ. ದಿನಕ್ಕೆ ಒಂದೂವರೆ ಜಿಬಿ ಎಂದು ದುಡ್ಡು ಕಟ್ಟಿದ್ದಾಗಿದೆ. ರಾತ್ರಿ ಹನ್ನೆರಡಕ್ಕೆ ಹೊಸ ದಿನದ ಲೆಕ್ಕ ಶುರುವಾಗಿದೆ. ಏಳು ಗಂಟೆಯೊಳಗೆ ಅರ್ಧ ಕರಗಿದ್ದು ಹೇಗೆ? ಮನೆಯಲ್ಲಿ ಹತ್ತನೇ ತರಗತಿಯ ಹುಡುಗಿಯೋ ಪಿಯುಸಿ ಓದುವ ಹುಡುಗನೋ ಇದ್ದರೆ ತನಿಖೆ ಬೇಗ ಮುಗಿಯುತ್ತದೆ.

‘ರಾತ್ರಿಯೆಲ್ಲ ವಿಡಿಯೋ ನೋಡಿದೆಯಾ?’

‘ಇಲ್ಲಮ್ಮ, ಮಲಗಿದ್ದೆ.’

‘ಮತ್ತೆ ಡೇಟಾ ಏನು ಗಾಳಿಗೆ ಹಾರಿಹೋಯಿತಾ?’

ಸಾಕ್ಷಿ ಇಲ್ಲ, ವಕೀಲರಿಲ್ಲ, ತೀರ್ಪು ಮಾತ್ರ ಇದೆ. ಮಕ್ಕಳು ಕದ್ದುಮುಚ್ಚಿ ವಿಡಿಯೋ ನೋಡುವುದೇ ಇಲ್ಲ ಎಂದು ಈ ಅಂಕಣ ವಾದಿಸುವುದಿಲ್ಲ. ನೋಡುತ್ತಾರೆ. ಆದರೆ ಮಗು ನಿಜ ಹೇಳುತ್ತಿರುವ ಸಂದರ್ಭಗಳೂ ಇವೆ. ಅದರಲ್ಲೂ ತೊಡಕಿನ ಸಂದರ್ಭವೆಂದರೆ, ಅಪ್ಪನೋ ಅಮ್ಮನೋ ಮುಂಚೆಯೇ ಎಚ್ಚರ ವಹಿಸಿ, ಡೇಟಾ ತಿನ್ನುವ ಆ್ಯಪ್‌ಗಳ ‘ಬ್ಯಾಕ್‌ಗ್ರೌಂಡ್ ಡೇಟಾ’ ಆಫ್ ಮಾಡಿಟ್ಟಿರುವ ಮನೆ. ‘ಫೋನಿನದ್ದು ನಾನೇ ಬಂದ್ ಮಾಡಿದ್ದೇನೆ. ಹಾಗಾದರೆ ಖರ್ಚು ಮಾಡಿದ್ದು ನೀನೇ’ ಎಂಬುದು ಅಲ್ಲಿನ ವಾದ. ಕೇಳಲು ಗಟ್ಟಿಯಾಗಿದೆ. ಆದರೆ ಫೋನನ್ನು ಮನೆಯವರು ಬೇರೆ ಬೇರೆ ಪ್ರೊಫೈಲ್ ಮಾಡಿಕೊಂಡು ಹಂಚಿಕೊಂಡಿದ್ದರೆ ಆ ವಾದದಲ್ಲಿ ದೊಡ್ಡ ತೂತಿದೆ. ಅಮ್ಮನ ಪ್ರೊಫೈಲಿನಲ್ಲಿ ಹಾಕಿದ ತಡೆ ಮಗಳ ಪ್ರೊಫೈಲಿಗೆ ತಾಗುವುದೇ ಇಲ್ಲ! ಏಕೆ ಹೀಗೆ ಎಂಬುದನ್ನು ಈ ವಾರ ನೋಡೋಣ.

ತೆರೆಮರೆಯ ಕೆಲಸ

ಆ್ಯಪ್ ಒಂದು ಎರಡು ಬಗೆಯಲ್ಲಿ ಇಂಟರ್‌ನೆಟ್ ಬಳಸುತ್ತದೆ. ನೀವು ಅದನ್ನು ತೆರೆದು ಕಣ್ಣೆದುರು ಇಟ್ಟುಕೊಂಡಾಗ ಬಳಸುವುದು ಒಂದು. ನೀವು ಬೇರೆ ಕೆಲಸದಲ್ಲಿರುವಾಗ, ಅಥವಾ ಫೋನು ಮೇಜಿನ ಮೇಲೆ ಸುಮ್ಮನೆ ಬಿದ್ದಿರುವಾಗ ಬಳಸುವುದು ಇನ್ನೊಂದು. ಎರಡನೆಯದೇ ಬ್ಯಾಕ್‌ಗ್ರೌಂಡ್ ಡೇಟಾ, ಅಂದರೆ ತೆರೆಮರೆಯ ಬಳಕೆ. ನಾಟಕದಲ್ಲಿ ರಂಗದ ಮೇಲೆ ಕಾಣುವವರು ನಾಲ್ಕು ಜನ, ಪರದೆಯ ಹಿಂದೆ ದುಡಿಯುವವರು ಹತ್ತು ಜನ ಇರುತ್ತಾರಲ್ಲ, ಹಾಗೆ.

ಈ ತೆರೆಮರೆಯ ಕೆಲಸ ಕೆಟ್ಟದ್ದೇನೂ ಅಲ್ಲ. ಹೊಸ ಸಂದೇಶ ಬಂದಿದೆಯೇ ಎಂದು ನೋಡುವುದು, ಇಮೇಲ್ ತಂದಿಡುವುದು, ನಾಳೆಯ ಹವಾಮಾನ ತಿಳಿದುಕೊಳ್ಳುವುದು – ಎಲ್ಲವೂ ಹೀಗೇ ನಡೆಯುತ್ತವೆ. ಇವುಗಳ ಖರ್ಚು ಅಲ್ಪ. ಖರ್ಚು ಏರುವುದು ಬೇರೆ ಕಡೆ. ಫೋಟೋ ಆ್ಯಪ್‌ಗೆ ಮೊಬೈಲ್ ಡೇಟಾ ಬಳಸಲು ಒಪ್ಪಿಗೆ ಕೊಟ್ಟಿದ್ದರೆ ಅದು ಚಿತ್ರಗಳನ್ನೆಲ್ಲ ದೂರದ ಸರ್ವರ್‌ಗೆ ಸಾಗಿಸುತ್ತ ಕೂರುತ್ತದೆ. ಒಂದು ಫೋಟೋ 4 ಎಂಬಿ ಎಂದುಕೊಂಡರೆ, ಶಾಲೆಯ ಪ್ರವಾಸದಲ್ಲಿ ತೆಗೆದ ನೂರು ಫೋಟೋಗಳಿಗೆ 400 ಎಂಬಿ. ಅದರ ಜೊತೆ ನಾಲ್ಕಾರು ವಿಡಿಯೋ ಸೇರಿದರೆ ದಿನದ ಪ್ಯಾಕು ಮುಗಿದಂತೆಯೇ. ಆ್ಯಪ್‌ಗಳು ತಮ್ಮನ್ನು ತಾವೇ ಹೊಸದಾಗಿಸಿಕೊಳ್ಳುವ ಅಪ್‌ಡೇಟ್ ಕೂಡ ಹೀಗೇ. ಹತ್ತು ಆ್ಯಪ್ ಒಟ್ಟಿಗೆ ಅಪ್‌ಡೇಟ್ ಆದರೆ ನೂರಾರು ಎಂಬಿ ಸದ್ದಿಲ್ಲದೆ ಹೋಗುತ್ತದೆ.

ಇದಕ್ಕೆ ಕಡಿವಾಣವಾಗಿ, 2011ರಲ್ಲಿ ಬಂದ ಆಂಡ್ರಾಯ್ಡ್ 4.0 ಒಂದು ಸೌಲಭ್ಯ ಕೊಟ್ಟಿತು. ಯಾವ ಆ್ಯಪ್ ಎಷ್ಟು ಡೇಟಾ ಬಳಸಿತು ಎಂದು ನೋಡಬಹುದು, ಬೇಡವಾದದ್ದರ ತೆರೆಮರೆಯ ಬಳಕೆಯನ್ನು ಒಂದೊಂದಾಗಿ ತಡೆಯಬಹುದು. ಈ ತಡೆಯ ಬಗ್ಗೆ ಎರಡು ಮಾತು ನೆನಪಿರಲಿ. ಒಂದು, ಆ್ಯಪ್ ತೆರೆದು ನೋಡುವಾಗ ಇದು ಅಡ್ಡ ಬರುವುದಿಲ್ಲ. ಎರಡು, ಇದು ಅಳೆದು ದುಡ್ಡು ಕೊಡುವ ಸಂಪರ್ಕಕ್ಕೆ, ಮುಖ್ಯವಾಗಿ ಮೊಬೈಲ್ ಡೇಟಾಕ್ಕೆ ಸಂಬಂಧಿಸಿದ್ದು. ಮನೆಯ ವೈಫೈ ಸಿಕ್ಕಿದರೆ ಆ್ಯಪ್ ಮತ್ತೆ ತನ್ನ ಕೆಲಸ ಶುರು ಮಾಡುತ್ತದೆ.

ಒಂದೇ ಸೂರು, ಬೇರೆ ಕೋಣೆ

ಇನ್ನು ಪ್ರೊಫೈಲ್ ವಿಚಾರ. 2012ರಲ್ಲಿ ಆಂಡ್ರಾಯ್ಡ್ 4.2 ಬಂದಾಗ ಟ್ಯಾಬ್ಲೆಟ್‌ಗಳಿಗೆ, 2014ರಲ್ಲಿ 5.0 ಬಂದಾಗ ಫೋನುಗಳಿಗೆ, ಒಂದೇ ಯಂತ್ರದಲ್ಲಿ ಹಲವು ಬಳಕೆದಾರರನ್ನು ಇಟ್ಟುಕೊಳ್ಳುವ ಅನುಕೂಲ ದೊರೆಯಿತು. ಎಲ್ಲ ಕಂಪನಿಗಳೂ ತಮ್ಮ ಎಲ್ಲ ಫೋನುಗಳಲ್ಲಿ ಇದನ್ನು ಕೊಟ್ಟಿಲ್ಲ. ಕೊಟ್ಟಿರುವ ಕಡೆ ಸೆಟ್ಟಿಂಗ್ಸ್‌ನಲ್ಲಿ ‘ಬಳಕೆದಾರರು’ ಅಥವಾ ‘ಯೂಸರ್ಸ್’ ಎಂಬ ಹೆಸರಿನಲ್ಲಿ ಇರುತ್ತದೆ. ಐಫೋನಿನಲ್ಲಿ ಹೀಗೆ ಬೇರೆ ಬೇರೆ ಬಳಕೆದಾರರ ಏರ್ಪಾಡು ಇಲ್ಲ. ಆದ್ದರಿಂದ ಅಲ್ಲಿ ಈ ತೊಡಕೂ ಇಲ್ಲ.

ಹಂಚಿಕೊಂಡು ಬಳಸುವ ಮನೆಗಳಿಗೆ ಇದು ಒಳ್ಳೆಯ ಏರ್ಪಾಡು. 2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿ ಪಾಠವೆಲ್ಲ ಫೋನಿಗೆ ಬಂದಾಗ, ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇದ್ದದ್ದು ಒಂದೇ ಫೋನು. ಅದರಲ್ಲೇ ಅಪ್ಪನ ಬ್ಯಾಂಕಿನ ಸಂದೇಶ, ಅಮ್ಮನ ತವರಿನ ಮಾತುಕತೆ, ಮಗಳ ಗಣಿತದ ಪಾಠ. ಪಾಠ ನಡೆಯುವಾಗ ತಮ್ಮ ಯಾವುದೋ ಗುಂಡಿ ಒತ್ತಿ ಯಾರಿಗೋ ಏನೋ ಕಳಿಸುವುದು. ಬೇರೆ ಪ್ರೊಫೈಲ್ ಇದ್ದರೆ ಈ ಗೊಂದಲವಿಲ್ಲ. ಒಂದೇ ಸೂರಿನ ಕೆಳಗೆ ಎಲ್ಲರಿಗೂ ಬೇರೆ ಕೋಣೆ, ಬೇರೆ ಬೀಗ. ಮಗಳ ಕೋಣೆಯಲ್ಲಿ ಅವಳ ಆ್ಯಪ್, ಅವಳ ಫೋಟೋ, ಅವಳ ಖಾತೆ. ಅಮ್ಮನ ಸಂದೇಶ ಅಲ್ಲಿ ಕಾಣುವುದಿಲ್ಲ. ಮಗಳ ಟಿಪ್ಪಣಿ ಅಮ್ಮನಿಗೆ ಕಾಣುವುದಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಮಗಳು ಫೋನನ್ನು ಅಮ್ಮನಿಗೆ ಹಿಂತಿರುಗಿಸಿ, ಅಮ್ಮ ತನ್ನ ಪ್ರೊಫೈಲಿಗೆ ಬದಲಾಯಿಸಿಕೊಂಡಳು ಎನ್ನಿ. ಮಗಳ ಕೋಣೆಯ ದೀಪ ಆರಿತೆ? ಸಾಮಾನ್ಯವಾಗಿ ಇಲ್ಲ. ಅವಳ ಪ್ರೊಫೈಲ್ ಹಿಂದೆ ಸ್ವಲ್ಪ ಹೊತ್ತಾದರೂ ಜೀವಂತ ಇರಬಹುದು. ಅವಳ ಫೋಟೋ ಆ್ಯಪ್ ಬಾಕಿ ಚಿತ್ರಗಳನ್ನು ಸಾಗಿಸುತ್ತಿರಬಹುದು. ಫೋನು ಅಮ್ಮನ ಕೈಯಲ್ಲಿ, ಮಗಳು ನಿದ್ದೆಯಲ್ಲಿ, ಖರ್ಚು ಮಾತ್ರ ಮಗಳ ಲೆಕ್ಕದಲ್ಲಿ! ಅಮ್ಮ ಬ್ಯಾಕ್‌ಗ್ರೌಂಡ್ ಡೇಟಾ ಆಫ್ ಮಾಡಿದ್ದಾಳಲ್ಲ ಎನ್ನುವಿರಾ? ಅದು ಮಗಳ ಪ್ರೊಫೈಲಿಗೆ ಏಕೆ ತಾಗುವುದಿಲ್ಲ ಎಂದು ತಿಳಿಯಲು ಸ್ವಲ್ಪ ಲೆಕ್ಕ ಮಾಡಬೇಕು.

ಹಾಜರಿ ಪುಸ್ತಕದ ಲೆಕ್ಕ

ಕತೆ ಐವತ್ತಕ್ಕೂ ಹೆಚ್ಚು ವರ್ಷ ಹಿಂದಕ್ಕೆ ಹೋಗುತ್ತದೆ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ರೂಪಿಸಲು ತೊಡಗಿದರು. ಕಂಪ್ಯೂಟರ್ ಎಂದರೆ ಆಗ ಬಹಳ ದುಬಾರಿ ಯಂತ್ರ. ಒಂದೇ ಯಂತ್ರಕ್ಕೆ ಹಲವು ಟರ್ಮಿನಲ್ ಜೋಡಿಸಿ ಹಲವರು ಹಂಚಿಕೊಂಡು ಬಳಸಬೇಕಿತ್ತು. ಒಬ್ಬರ ಕಡತವನ್ನು ಇನ್ನೊಬ್ಬರು ಅಳಿಸಬಾರದಲ್ಲ? ಅದಕ್ಕಾಗಿ ಪ್ರತಿ ಬಳಕೆದಾರನಿಗೂ ಒಂದು ಸಂಖ್ಯೆ. ಯಂತ್ರಕ್ಕೆ ಹೆಸರು ಮುಖ್ಯವಲ್ಲ, ಸಂಖ್ಯೆ ಮುಖ್ಯ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಬರೆದ ಲಿನಕ್ಸ್ ಕೂಡ ಇದೇ ಪದ್ಧತಿಯನ್ನು ಅನುಸರಿಸಿತು.

2008ರಲ್ಲಿ ಮೊದಲ ಆಂಡ್ರಾಯ್ಡ್ ಫೋನು ಬಂತು. ಅದರ ಒಳಗಿರುವುದು ಇದೇ ಲಿನಕ್ಸ್. ಆದರೆ ಆಗ ಫೋನು ಒಬ್ಬರದೇ ಸ್ವತ್ತು. ಬಳಕೆದಾರರನ್ನು ಬೇರ್ಪಡಿಸುವ ಸಂಖ್ಯೆಗಳಿಗೆ ಅಲ್ಲೇನು ಕೆಲಸ? ಆಂಡ್ರಾಯ್ಡ್ ರೂಪಿಸಿದವರು ಒಂದು ಜಾಣ ಉಪಾಯ ಮಾಡಿದರು. ಬಳಕೆದಾರನ ಬದಲು ಪ್ರತಿ ಆ್ಯಪ್‌ಗೂ ಒಂದು ಸಂಖ್ಯೆ ಕೊಟ್ಟರು! ನೀವು ಹಾಕಿಕೊಂಡ ಆ್ಯಪ್‌ಗಳಿಗೆ 10,000ದಿಂದ 19,999ರವರೆಗಿನ ಸಂಖ್ಯೆಗಳು. ಒಬ್ಬರ ಕಡತಕ್ಕೆ ಇನ್ನೊಬ್ಬರು ಕೈಹಾಕದಂತೆ ಕಾಯುತ್ತಿದ್ದ ಗೋಡೆಯೇ, ಆಟದ ಆ್ಯಪ್ ಬ್ಯಾಂಕಿನ ಆ್ಯಪ್‌ಗೆ ಕೈಹಾಕದಂತೆ ಕಾಯತೊಡಗಿತು.

ಆಮೇಲೆ 2012ರಲ್ಲಿ ನಿಜವಾದ ಮನುಷ್ಯ ಬಳಕೆದಾರರೂ ಬಂದರು. ಈಗ ಒಂದೇ ಸಂಖ್ಯೆಯಲ್ಲಿ ಆ್ಯಪ್ ಯಾವುದು, ಅದು ಯಾರದು ಎಂಬ ಎರಡನ್ನೂ ಹೇಳಬೇಕು. ಅದಕ್ಕೆ ಕಂಡುಕೊಂಡ ದಾರಿ ಪ್ರಾಥಮಿಕ ಶಾಲೆಯ ಗಣಿತವೇ. ಬಳಕೆದಾರನ ಸಂಖ್ಯೆಯನ್ನು 1,00,000ದಿಂದ ಗುಣಿಸಿ, ಆ್ಯಪ್‌ನ ಸಂಖ್ಯೆಯನ್ನು ಕೂಡಿಸುವುದು. ಫೋನಿನ ಮೊದಲ ಒಡೆಯನ ಸಂಖ್ಯೆ ಸಾಮಾನ್ಯವಾಗಿ 0. ನಂತರ ಸೇರುವವರ ಸಂಖ್ಯೆ 10ರಿಂದ ಶುರು. ಫೋಟೋ ಆ್ಯಪ್‌ನ ಸಂಖ್ಯೆ 10,123 ಎಂದುಕೊಳ್ಳಿ. ಅಮ್ಮನ ಲೆಕ್ಕದಲ್ಲಿ ಸೊನ್ನೆಯನ್ನು ಲಕ್ಷದಿಂದ ಗುಣಿಸಿದರೆ ಸೊನ್ನೆ, ಕೂಡಿಸಿದರೆ 10,123. ಮಗಳ ಲೆಕ್ಕದಲ್ಲಿ 10 ಗುಣಿಸು 1,00,000 ಅಂದರೆ 10,00,000, ಅದಕ್ಕೆ 10,123 ಸೇರಿಸಿದರೆ 10,10,123. ಮಗನದೂ ಒಂದು ಪ್ರೊಫೈಲ್ ಇದ್ದರೆ ಅವನದು 11,10,123.

ಪರದೆಯ ಮೇಲೆ ಮೂವರಿಗೂ ಕಾಣುವುದು ಒಂದೇ ಚಿತ್ರ, ಒಂದೇ ಹೆಸರು. ಫೋನಿನ ಲೆಕ್ಕದಲ್ಲಿ ಅವು ಮೂರು ಬೇರೆ ಸಂಖ್ಯೆಗಳು. ಬ್ಯಾಕ್‌ಗ್ರೌಂಡ್ ಡೇಟಾ ಬೇಡ ಎಂದು ಅಮ್ಮ ಒತ್ತಿದಾಗ ಫೋನು ಬರೆದಿಡುವುದು ‘ಫೋಟೋ ಆ್ಯಪ್‌ಗೆ ತಡೆ’ ಎಂದಲ್ಲ, ‘10,123ಕ್ಕೆ ತಡೆ’ ಎಂದು. 10,10,123ಕ್ಕೆ ಅದರಿಂದ ಏನೂ ಆಗುವುದಿಲ್ಲ. ಶಾಲೆಯ ಹಾಜರಿ ಪುಸ್ತಕ ನೆನಪಿಸಿಕೊಳ್ಳಿ. ಎ ವಿಭಾಗದಲ್ಲೂ 23ನೇ ನಂಬರಿನ ಹುಡುಗನಿದ್ದಾನೆ, ಬಿ ವಿಭಾಗದಲ್ಲೂ ಇದ್ದಾನೆ. ಎ ವಿಭಾಗದ ಮೇಷ್ಟ್ರು ತಮ್ಮ 23ನೇ ನಂಬರಿನವನನ್ನು ಆಟಕ್ಕೆ ಬಿಡಬೇಡಿ ಎಂದು ಬರೆದರೆ, ಬಿ ವಿಭಾಗದವನು ಮೈದಾನದಲ್ಲಿ ಆಡುತ್ತಲೇ ಇರುತ್ತಾನೆ. ಅವನದು ತಪ್ಪೆ? ಅವನಿಗೆ ಯಾರೂ ಬೇಡ ಎಂದಿಲ್ಲ.

ಮನೆಗೆ ಸೇರಿದ್ದು, ಮಂದಿಗೆ ಸೇರಿದ್ದು

ಗೊಂದಲ ಹುಟ್ಟುವುದು ಏಕೆಂದರೆ, ಫೋನಿನ ಎಲ್ಲ ಏರ್ಪಾಡುಗಳೂ ಹೀಗಿಲ್ಲ. ಕೆಲವು ಇಡೀ ಮನೆಗೆ ಸೇರಿದ್ದು, ಕೆಲವು ಒಬ್ಬೊಬ್ಬರಿಗೆ ಸೇರಿದ್ದು. ಸಿಮ್ಮು ಮನೆಯದು, ಡೇಟಾ ಪ್ಯಾಕು ಮನೆಯದು, ವೈಫೈ ಗುಪ್ತಪದ ಮನೆಯದು. ಇಷ್ಟು ಎಂಬಿ ದಾಟಿದರೆ ಮೊಬೈಲ್ ಡೇಟಾವನ್ನೇ ನಿಲ್ಲಿಸು ಎಂಬ ಮಿತಿಯೂ ಮನೆಯದು. 2016ರಲ್ಲಿ ಆಂಡ್ರಾಯ್ಡ್ 7ರ ಜೊತೆ ಬಂದ ‘ಡೇಟಾ ಸೇವರ್’ ಗುಂಡಿಯೂ ಇಡೀ ಫೋನಿಗೆ ಅನ್ವಯ. ಆ್ಯಪ್‌ನ ಮೂಲ ಕಡತ ಕೂಡ ಒಂದೇ ಪ್ರತಿ. ಒಬ್ಬರು ಅಪ್‌ಡೇಟ್ ಮಾಡಿದರೆ ಎಲ್ಲರಿಗೂ ಆಯಿತು.

ಆದರೆ ಆ್ಯಪ್‌ಗೊಂದರಂತೆ ಹಾಕುವ ಬ್ಯಾಕ್‌ಗ್ರೌಂಡ್ ಡೇಟಾ ತಡೆ ಒಬ್ಬೊಬ್ಬರದು. ಡೇಟಾ ಸೇವರ್ ಹಾಕಿದಾಗ ‘ಈ ಆ್ಯಪ್‌ಗೆ ಮಾತ್ರ ವಿನಾಯಿತಿ’ ಎಂದು ಕೊಡುವುದೂ ಒಬ್ಬೊಬ್ಬರದು. ಅಪ್‌ಡೇಟ್‌ಗಳನ್ನು ವೈಫೈನಲ್ಲಿ ಮಾತ್ರ ಮಾಡು ಎಂದು ಪ್ಲೇ ಸ್ಟೋರ್‌ನಲ್ಲಿ ಹೇಳುವುದೂ ಹಾಗೆಯೇ. ಖರ್ಚು ಒಟ್ಟು ಕುಟುಂಬದ್ದು, ಕಡಿವಾಣ ಮಾತ್ರ ಬಿಡಿಬಿಡಿಯದು. ಜಗಳದ ಬೇರು ಇರುವುದು ಇಲ್ಲಿ.

ಹಾಕಿದ ತಡೆ ತಾನಾಗಿಯೇ ಅಳಿಸಿಹೋಗುವ ಸಂದರ್ಭಗಳೂ ಇವೆ. ಬರೀ ಅಪ್‌ಡೇಟ್ ಆದರೆ ಭಯವಿಲ್ಲ, ಸಂಖ್ಯೆ ಬದಲಾಗುವುದಿಲ್ಲ. ಆದರೆ ಜಾಗ ಸಾಲದೆಂದು ಆ್ಯಪ್ ಅನ್ನು ತೆಗೆದುಹಾಕಿ ವಾರದ ನಂತರ ಮತ್ತೆ ಹಾಕಿಕೊಂಡರೆ, ಹಳೆಯ ಸಂಖ್ಯೆಯ ಜೊತೆ ತಡೆಯೂ ಹೋಗಿರುತ್ತದೆ. ಬಿಟ್ಟುಹೋದ ಹುಡುಗ ಹೊಸದಾಗಿ ದಾಖಲಾದರೆ ಹೊಸ ಹಾಜರಿ ಸಂಖ್ಯೆ ಕೊಡುವಂತೆ. ಪ್ರೊಫೈಲ್ ಅಳಿಸಿ ಹೊಸದು ಮಾಡಿದರೂ ಇದೇ ಪಾಡು. ‘ಅತಿಥಿ’ ಅಂದರೆ ಗೆಸ್ಟ್ ಪ್ರೊಫೈಲಿನಲ್ಲಿ ಅಧಿವೇಶನ ಅಳಿಸಿದಾಗ ಅದರ ಏರ್ಪಾಡುಗಳೂ ಹೋಗುತ್ತವೆ.

ಪ್ರೊಫೈಲ್ ಮಾಡಿಲ್ಲದವರೂ ಒಮ್ಮೆ ನೋಡಿಕೊಳ್ಳಬೇಕು. ಒಂದೇ ಫೋನಿನಲ್ಲಿ ಎರಡು ವಾಟ್ಸ್‌ಆ್ಯಪ್ ಇಟ್ಟುಕೊಳ್ಳಲು ಹಲವು ಕಂಪನಿಗಳು ‘ಜೋಡಿ ಆ್ಯಪ್’ ಸೌಲಭ್ಯ ಕೊಡುತ್ತವೆ. ಬಹಳಷ್ಟು ಕಡೆ ಆ ಎರಡನೇ ಪ್ರತಿ ಒಳಗೊಳಗೆ ಬೇರೊಬ್ಬ ಬಳಕೆದಾರನ ಸಂಖ್ಯೆಯಲ್ಲೇ ಇರುತ್ತದೆ. ಅಪ್ಪನ ಫೋನಿಗೆ ಕಚೇರಿಯವರು ಹಾಕಿಸಿದ ‘ವರ್ಕ್ ಪ್ರೊಫೈಲ್’ ಕೂಡ ಹಾಗೆಯೇ. ಒಂದಕ್ಕೆ ಹಾಕಿದ ತಡೆ ಇನ್ನೊಂದಕ್ಕೆ ಬರುವುದಿಲ್ಲ.

ತನಿಖೆ ಹೀಗೆ ನಡೆಯಲಿ

ಬೈಯುವ ಮೊದಲು ಹದಿನೈದು ನಿಮಿಷ ಅಪ್ಪ, ಅಮ್ಮ, ಮಕ್ಕಳು ಒಟ್ಟಿಗೆ ಕುಳಿತುಕೊಳ್ಳಿ. ಫೋನಿಂದ ಫೋನಿಗೆ ಹೆಸರುಗಳು ಸ್ವಲ್ಪ ಬದಲಾಗುತ್ತವೆ. ಸೆಟ್ಟಿಂಗ್ಸ್‌ನ ಮೇಲ್ತುದಿಯ ಹುಡುಕುವ ಜಾಗದಲ್ಲಿ ‘ಡೇಟಾ’ ಎಂದು ಬರೆದರೆ ಬೇಕಾದದ್ದು ಸಿಗುತ್ತದೆ.

ಮೊದಲು ಫೋನಿನ ಒಡೆಯರ ಪ್ರೊಫೈಲಿನಲ್ಲಿ ‘ಡೇಟಾ ಬಳಕೆ’ ತೆರೆಯಿರಿ. ಆ್ಯಪ್‌ಗಳ ಪಟ್ಟಿ, ಎದುರಿಗೆ ಎಂಬಿ ಲೆಕ್ಕ ಕಾಣುತ್ತದೆ. ಪಟ್ಟಿಯಲ್ಲಿ ‘ಇತರ ಬಳಕೆದಾರರು’ ಎಂಬ ಸಾಲು ಇದೆಯೇ ನೋಡಿ. ಇದ್ದು, ಅದರ ಎದುರಿನ ಅಂಕಿ ದೊಡ್ಡದಾಗಿದ್ದರೆ ಖರ್ಚು ಬೇರೆ ಪ್ರೊಫೈಲಿನದು. ನೆನಪಿಡಿ, ಖರ್ಚು ಆ ಪ್ರೊಫೈಲಿನದು ಎಂದಷ್ಟೇ ಇದರ ಅರ್ಥ, ಮಗು ಕುಳಿತು ನೋಡಿತು ಎಂದಲ್ಲ. ಅದನ್ನು ತಿಳಿಯಲು ಮುಂದಿನ ಹೆಜ್ಜೆ ಬೇಕು.

ಈಗ ಮಗುವಿನ ಪ್ರೊಫೈಲಿಗೆ, ಮಗುವಿನ ಕೈಯಿಂದಲೇ ಬೀಗ ತೆಗೆಸಿ ಹೋಗಿ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳು, ಅದರಲ್ಲಿ ಅನುಮಾನ ಬಂದ ಆ್ಯಪ್, ಅದರಲ್ಲಿ ‘ಮೊಬೈಲ್ ಡೇಟಾ ಮತ್ತು ವೈಫೈ’. ಅಲ್ಲಿ ಎರಡು ಅಂಕಿಗಳಿರುತ್ತವೆ: ಮುನ್ನೆಲೆ ಎಷ್ಟು, ಹಿನ್ನೆಲೆ ಎಷ್ಟು. ಒಟ್ಟು 700 ಎಂಬಿಯಲ್ಲಿ 650 ಹಿನ್ನೆಲೆಯದಾದರೆ, ಮಲಗಿದ್ದೆ ಎಂದ ಮಗುವಿನ ಮಾತಿಗೆ ಬಲ ಬಂತು. ಅದೇ 650 ಮುನ್ನೆಲೆಯದಾದರೆ ಮಾತು ಬೇರೆ! ಎರಡೂ ಸಾಧ್ಯ. ಯಾವುದೆಂದು ಊಹಿಸುವ ಬದಲು ನೋಡಿ ಹೇಳಬಹುದು ಎಂಬುದೇ ದೊಡ್ಡ ಅನುಕೂಲ. ಈ ಅಂಕಿ ಸಾಮಾನ್ಯವಾಗಿ ತಿಂಗಳ ಲೆಕ್ಕ, ಪ್ಯಾಕು ದಿನದ ಲೆಕ್ಕ. ಆದ್ದರಿಂದ ಒಂದು ರಾತ್ರಿ ಅಂಕಿ ಬರೆದಿಟ್ಟು ಬೆಳಿಗ್ಗೆ ಮತ್ತೆ ನೋಡಿ ಕಳೆಯುವುದು ಒಳ್ಳೆಯದು.

ಆ ಪುಟದಲ್ಲೇ ‘ಬ್ಯಾಕ್‌ಗ್ರೌಂಡ್ ಡೇಟಾ’ ಗುಂಡಿ ಇದೆ. ಬೇಡವಾದ ಆ್ಯಪ್‌ಗಳಿಗೆ ಇಲ್ಲಿ ಆಫ್ ಮಾಡಿ. ಪ್ರತಿಯೊಬ್ಬರ ಪ್ರೊಫೈಲಿನಲ್ಲೂ ಇದೇ ಕೆಲಸ ಮತ್ತೊಮ್ಮೆ ಆಗಬೇಕು, ಅಡ್ಡದಾರಿ ಇಲ್ಲ. ಅಷ್ಟು ತಾಳ್ಮೆ ಇಲ್ಲದವರು ಡೇಟಾ ಸೇವರ್ ಹಾಕಿ, ತೀರಾ ಬೇಕಾದ ಆ್ಯಪ್‌ಗಳಿಗೆ ಮಾತ್ರ ಅವರವರ ಪ್ರೊಫೈಲಿನಲ್ಲಿ ವಿನಾಯಿತಿ ಕೊಡಬಹುದು. ರಾತ್ರಿ ಮಲಗುವಾಗ ಮೊಬೈಲ್ ಡೇಟಾವನ್ನೇ ಆರಿಸುವುದು ಎಲ್ಲಕ್ಕಿಂತ ಸುಲಭ. ಇನ್ನೊಂದು ಸಣ್ಣ ಉಪಾಯ, ಫೋನನ್ನು ಒಮ್ಮೆ ಆರಿಸಿ ಹೊತ್ತಿಸುವುದು. ಹಾಗೆ ಮಾಡಿದ ಮೇಲೆ ಮಗು ತನ್ನ ಬೀಗ ತೆಗೆಯುವವರೆಗೆ ಅದರ ಪ್ರೊಫೈಲ್ ಸುಮ್ಮನಿರುತ್ತದೆ.

ಮಗುವಿಗೆ ಟ್ಯಾಬ್ಲೆಟ್ ಕೊಟ್ಟು, ಅಪ್ಪನ ಫೋನಿನ ಹಾಟ್‌ಸ್ಪಾಟ್‌ನಿಂದ ನೆಟ್ ಕೊಡುವ ಮನೆಗಳು ಇನ್ನೊಂದನ್ನು ಗಮನಿಸಬೇಕು. ಟ್ಯಾಬ್ಲೆಟ್‌ಗೆ ಅದು ವೈಫೈ. ವೈಫೈ ಎಂದರೆ ಧಾರಾಳ ಎಂದು ಭಾವಿಸಿ ಅದು ಎಲ್ಲ ಬಾಕಿ ಕೆಲಸ ಮುಗಿಸಲು ಹೊರಡಬಹುದು. ಟ್ಯಾಬ್ಲೆಟ್‌ನ ವೈಫೈ ವಿವರಗಳಲ್ಲಿ ಆ ಸಂಪರ್ಕವನ್ನು ‘ಮೀಟರ್ಡ್’, ಅಂದರೆ ಅಳತೆಯದು, ಎಂದು ಗುರುತು ಮಾಡಿ. ಆಗ ನಿಮ್ಮ ತಡೆಗಳು ಅಲ್ಲೂ ಕೆಲಸ ಮಾಡುತ್ತವೆ.

ಹಾಗೆಂದು ಕೈಗೆ ಸಿಕ್ಕಿದ್ದನ್ನೆಲ್ಲ ಆಫ್ ಮಾಡಬೇಡಿ. ಇಮೇಲ್ ಅಥವಾ ಸಂದೇಶದ ಆ್ಯಪ್‌ಗೆ ತಡೆ ಹಾಕಿದರೆ, ಪರೀಕ್ಷೆಯ ವೇಳಾಪಟ್ಟಿ ಬದಲಾದ ಸುದ್ದಿ ಆ್ಯಪ್ ತೆರೆದಾಗಲೇ ತಿಳಿಯುವಂತಾಗಬಹುದು. ಶಾಲೆಯ ಸಂದೇಶ ಬರುವ ದಾರಿ ತೆರೆದಿರಲಿ. ಫೋಟೋ, ವಿಡಿಯೋ, ಆಟ, ಅಂಗಡಿ ಆ್ಯಪ್‌ಗಳಿಗೆ ಕಡಿವಾಣ ಸಾಕು.

ಇಷ್ಟು ತಾಪತ್ರಯ ಏಕೆ, ಎಲ್ಲರೂ ಒಂದೇ ಪ್ರೊಫೈಲ್ ಬಳಸಿದರಾಯಿತಲ್ಲ ಎಂದು ಕೆಲವರಿಗೆ ಅನ್ನಿಸಬಹುದು. ದಯವಿಟ್ಟು ಹಾಗೆ ಮಾಡಬೇಡಿ. ಅಮ್ಮನ ತಡೆ ಮಗಳಿಗೆ ತಾಗದಂತೆ ಮಾಡಿರುವ ಗೋಡೆಯೇ, ಮಗಳು ಹಾಕಿಕೊಂಡ ಯಾವುದೋ ಆಟ ಅಮ್ಮನ ಬ್ಯಾಂಕಿನ ಆ್ಯಪ್‌ನ ಹತ್ತಿರ ಸುಳಿಯದಂತೆಯೂ ಕಾಯುತ್ತದೆ. ಗೋಡೆಯ ಲಾಭ ಬೇಕು, ಗೋಡೆ ಮಾತ್ರ ಬೇಡ ಎಂದರೆ ಆಗದು. ಎರಡೂ ಕೋಣೆಗೆ ಹೋಗಿ ದೀಪ ಆರಿಸಿ ಬರುವುದೇ ಸರಿ.

ಈ ವಾರದ ಲೆಕ್ಕ

ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ. ಒಂದು ಫೋನಿನ ಒಳಗೆ ಮೂರು ಸಂಖ್ಯೆಗಳು ಕಂಡವು: 10,187, 11,10,187, 11,10,245. ಇವುಗಳಲ್ಲಿ ಒಂದೇ ಆ್ಯಪ್ ಆಗಿರುವ ಎರಡು ಯಾವುವು? ಒಬ್ಬರಿಗೇ ಸೇರಿದ ಎರಡು ಯಾವುವು? 10,187ಕ್ಕೆ ಹಾಕಿದ ತಡೆ ಇನ್ನು ಯಾವುದಕ್ಕೆ ತಾಗುತ್ತದೆ?

ಉತ್ತರ: ಪ್ರತಿ ಸಂಖ್ಯೆಯನ್ನೂ 1,00,000ದಿಂದ ಭಾಗಿಸಿ. ಭಾಗಲಬ್ಧ ಬಳಕೆದಾರ, ಶೇಷ ಆ್ಯಪ್. ಮೊದಲ ಎರಡರಲ್ಲಿ ಶೇಷ 10,187, ಆದ್ದರಿಂದ ಒಂದೇ ಆ್ಯಪ್. ಕೊನೆಯ ಎರಡರಲ್ಲಿ ಭಾಗಲಬ್ಧ 11, ಆದ್ದರಿಂದ ಒಬ್ಬರದೇ. ಮೂರನೆಯ ಪ್ರಶ್ನೆಗೆ ಉತ್ತರ, ಯಾವುದಕ್ಕೂ ಇಲ್ಲ. ಈ ಕೊನೆಯ ಪ್ರಶ್ನೆಯನ್ನು ಇಂದು ಮನೆಯ ಹಿರಿಯರಿಗೂ ಕೇಳಿ ನೋಡಿ.